ಓಡುವುದಕ್ಕಿಂತ ನಿಲ್ಲುವುದು ಮುಖ್ಯ
ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಹಲವು ಸೇನಾ ವಿಮಾನ ನಿಲ್ದಾಣಗಳು ಬರಿದಾದವು. ಸಿಲ್ವರ್‌ಸ್ಟೋನ್, ಸ್ನೆಟರ್ಟನ್, ಗುಡ್‌ವುಡ್ ಮುಂತಾದ ಕಾರ್ ರೇಸ್ ಪಥಗಳು ಹುಟ್ಟಿದ್ದು ಅಲ್ಲಿಯೇ. ಪಂದ್ಯವಿಲ್ಲದ ಕೆಲವು ದಿನ ಸಾಮಾನ್ಯರೂ ಹಣ ತೆತ್ತು ಇಂಥ ಪಥಗಳಲ್ಲಿ ಸ್ವಂತ ಕಾರು ಓಡಿಸಬಹುದು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇಲ್ಲಿ ಸೋಲು ಗೆಲುವುಗಳ ಲೆಕ್ಕವಿಲ್ಲ. ಹಾಗಾದರೆ ಎಂಥ ಕಾರು ತಕ್ಕುದು?

ಅಶ್ವಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ಹೊಸಬರ ಊಹೆ. ಆದರೆ ಕಾರಿನ ನಿಜವಾದ ಪರೀಕ್ಷೆ ಓಡುವುದರಲ್ಲಿಲ್ಲ, ನಿಲ್ಲುವುದರಲ್ಲಿದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಪ್ರತಿ ತಿರುವಿಗೂ ಮುನ್ನ ಬ್ರೇಕುಗಳು ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕು. ಕಾರು ಭಾರವಾದಷ್ಟೂ ಶಾಖ ಹೆಚ್ಚು. ಸುತ್ತಿನ ಮೇಲೆ ಸುತ್ತು ಹೊಡೆದು ಬ್ರೇಕು ಕಾದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆಯೇಳುತ್ತದೆ. ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು. ಗಾಳಿಯ ತೇವ ಹೀರಿದ ಹಳೆಯ ಆಯಿಲ್ ಇನ್ನೂ ಬೇಗ ಕುದಿಯುತ್ತದೆ.

ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ ಹಗುರತನವನ್ನೇ ಮಂತ್ರವಾಗಿಸಿಕೊಂಡಿದ್ದರು. 1957ರಲ್ಲಿ ಬಂದ ಅವರ ‘ಸೆವೆನ್’ ಕಾರಿನ ವಂಶ ಕೇಟರ್‌ಹ್ಯಾಮ್ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಜಪಾನಿನ ಮಾಜ್ದಾ 1989ರಲ್ಲಿ ತಂದ ಎಂಎಕ್ಸ್-5 ಕೂಡ ಇದೇ ಜಾಡಿನದು: ಎರಡೇ ಆಸನ, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. ಹಗುರ ಕಾರಿನಲ್ಲಿ ಬ್ರೇಕು, ಟೈರುಗಳ ಸವೆತವೂ ಕಡಿಮೆ.

ಕೊನೆಯದಾಗಿ ಜೇಬಿನ ಮಾತು. ಸಾಮಾನ್ಯ ವಾಹನ ವಿಮೆ ಪಥದಲ್ಲಾದ ಅಪಘಾತಕ್ಕೆ ಬಹುಮಟ್ಟಿಗೆ ಒದಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ: ಜಖಂಗೊಂಡರೂ ಮಾಲೀಕನ ಮನೆ ಮುಳುಗಿಸದ ಕಾರೇ ಪಥಕ್ಕೆ ಯೋಗ್ಯ.