ಹಲಗೆ ಬಂದ ದಿನವೇ ಹಾಸಬಾರದೇಕೆ?

ಪ್ರಶ್ನೆ: ಮನೆಗೆ ಸಾಗುವಾನಿ ಹಲಗೆಯ ನೆಲ ಹಾಕಿಸುತ್ತಿದ್ದೇವೆ. ಹಲಗೆ ಬಂದರೂ ಆಚಾರಿ, ‘ಒಂದೆರಡು ವಾರ ಕೋಣೆಯಲ್ಲೇ ಇರಲಿ’ ಎನ್ನುತ್ತಾರೆ. ಇದೇನು ಕೆಲಸ ಮುಂದೂಡುವ ನೆಪವೇ?

ಉತ್ತರ: ಈ ಸಲ ಆಚಾರಿಯೇ ಸರಿ. ಒಣಗಿಸಿದ ಮರವೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 80 ಇದ್ದರೆ ಮರದ ತೇವಾಂಶ ಸುಮಾರು ಶೇ. 16ಕ್ಕೆ ಬಂದು ನಿಲ್ಲುತ್ತದೆ, ಶೇ. 40 ಇದ್ದರೆ ಶೇ. 8ರ ಆಸುಪಾಸು. ತೇವ ಇಳಿದಾಗ ಹಲಗೆಯ ಉದ್ದ ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದು ಅಗಲ. ಕರಾವಳಿಯ ಮಳೆಗಾಲದ ಗೋದಾಮಿನಿಂದ ಬಂದದ್ದನ್ನು ಬೆಂಗಳೂರಿನಲ್ಲಿ ತಕ್ಷಣ ಹಾಸಿದರೆ ಮಾರ್ಚ್ ಹೊತ್ತಿಗೆ ಸಂದುಗಳು ಬಾಯಿಬಿಡುತ್ತವೆ. ಒಣ ಹಲಗೆಯನ್ನು ಮಂಗಳೂರಿನಲ್ಲಿ ಹಾಸಿದರೆ ಅದು ಉಬ್ಬಿ ಅಂಚು ಏಳುತ್ತದೆ.

ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ನೆಲ-ಗೋಡೆ ತಾಗದಂತೆ, ಸಾಲುಗಳ ನಡುವೆ ತೆಳು ರೀಪರು ಕೊಟ್ಟು ಪೇರಿಸಿ. ದಿನ ಎಣಿಸುವುದಕ್ಕಿಂತ ತೇವಮಾಪಕದ ಅಂಕಿ ನಿಂತಿತೇ ಎಂದು ನೋಡುವುದು ಮೇಲು. ಗಾರೆ, ಬಣ್ಣ ಇನ್ನೂ ಹಸಿಯಾಗಿದ್ದರೆ ಮಾತ್ರ ಹಲಗೆಯನ್ನು ಒಳಗೆ ತರಲೇಬೇಡಿ. ಅಲ್ಲಿನ ನೀರನ್ನೆಲ್ಲ ಅದೇ ಕುಡಿಯುತ್ತದೆ. ಹೊಸ ಕಾಂಕ್ರೀಟ್ ಒಣಗಲು ತಿಂಗಳುಗಳೇ ಹಿಡಿಯುತ್ತವೆ, ಗೃಹಪ್ರವೇಶದ ಮುಹೂರ್ತ ಏನೇ ಇರಲಿ.