ಕಾರಿನೊಳಗೆ ಕುಳಿತವರಿಗೆ ವಿಮೆ ಇದೆಯೇ?

ಕಾರು ಸಿರಿವಂತರ ಅಂಗಳದಲ್ಲಿ ಮಾತ್ರ ಕಾಣಸಿಗುತ್ತಿದ್ದ ಕಾಲ ಹೋಗಿ ಬಹಳ ವರ್ಷಗಳಾದವು. ಇಂದು ಹೊಸಂಗಡಿಯ ಆಸುಪಾಸಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಯೆದುರೂ ಒಂದು ಹಳೆಯ ಕಾರು ನಿಂತಿರುತ್ತದೆ. ಮಂಗಳೂರಿನ ಆಸ್ಪತ್ರೆಗೆ, ಮಧೂರಿಗೆ, ಕಟೀಲಿಗೆ, ನೆಂಟರ ಮನೆಯ ಮದುವೆಗೆ ಮನೆಮಂದಿಯೆಲ್ಲ ಅದರಲ್ಲೇ ಹೊರಡುತ್ತಾರೆ. ವರ್ಷಕ್ಕೊಮ್ಮೆ ವಿಮೆ ಕಟ್ಟುವ ದಿನ ಹತ್ತಿರವಾದಾಗ ಮಾತ್ರ ಲೆಕ್ಕಾಚಾರ ಸುರುವಾಗುತ್ತದೆ. "ಕಡಿಮೆಯದ್ದು ಯಾವುದುಂಟೋ ಅದನ್ನೇ ಮಾಡಿ" ಎಂದು ಏಜೆಂಟರಿಗೆ ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು.

ಕಡಿಮೆ ಬೆಲೆಯದನ್ನು ಹುಡುಕುವುದು ತಪ್ಪಲ್ಲ. ಆದರೆ ಕಡಿಮೆಯಾದದ್ದು ಯಾವುದನ್ನು ಕೈಬಿಟ್ಟು ಎಂದು ಕೇಳದಿರುವುದು ಅಪಾಯಕರ. ಏಜೆಂಟರು ಮಲಯಾಳದಲ್ಲಿ ವಿವರಿಸುತ್ತಾರೆ, ಪಾಲಿಸಿಯ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ, ಮನೆಯಲ್ಲಿ ನಾವು ಕನ್ನಡವನ್ನೋ ತುಳುವನ್ನೋ ಆಡುತ್ತೇವೆ. ಈ ನಡುವೆ ಮುಖ್ಯವಾದ ಒಂದು ಸಂಗತಿ ಅನೇಕ ಕುಟುಂಬಗಳಿಗೆ ತಲುಪಿಯೇ ಇಲ್ಲ.

ಮೂರನೆಯವರು ಎಂದರೆ ಯಾರು?

1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ 'ಥರ್ಡ್ ಪಾರ್ಟಿ' ವಿಮೆ ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ವಿಮೆಯ ಕರಾರಿನಲ್ಲಿ ಮೊದಲನೆಯವರು ವಾಹನದ ಮಾಲಕರು, ಎರಡನೆಯವರು ವಿಮಾ ಕಂಪೆನಿ. ನಮ್ಮ ಕಾರಿನಿಂದ ಹಾನಿಗೊಳಗಾಗುವ ಹೊರಗಿನವರೇ ಮೂರನೆಯವರು: ರಸ್ತೆ ದಾಟುವ ಅಜ್ಜಿ, ಎದುರಿನಿಂದ ಬರುವ ಸ್ಕೂಟರಿನವರು, ಪಕ್ಕದ ಅಂಗಡಿಯ ಗೋಡೆ. ಸಾವು ಅಥವಾ ಗಾಯಕ್ಕೆ ನ್ಯಾಯಮಂಡಳಿ ಎಷ್ಟು ಪರಿಹಾರ ವಿಧಿಸಿದರೂ ಕಂಪೆನಿ ಕೊಡಬೇಕು. ಆಸ್ತಿ ನಷ್ಟಕ್ಕೆ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷದ ಮಿತಿ ಇರುತ್ತದೆ.

ಹಾಗಾದರೆ ಕಾರಿನೊಳಗೆ ಕುಳಿತ ನಮ್ಮ ಹೆಂಡತಿ ಮಕ್ಕಳು, ಅಕ್ಕ ಭಾವ? ಅವರು ಈ ಲೆಕ್ಕದಲ್ಲಿ ಬರುವುದಿಲ್ಲ. ಸ್ಕೂಟರಿನ ಹಿಂದೆ ಕುಳಿತವರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿತು. ಬಾಲಕೃಷ್ಣನ್ ಪ್ರಕರಣದಲ್ಲಿ 2012ರಲ್ಲಿ ಅದೇ ನ್ಯಾಯಾಲಯ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು: ಕಾಯಿದೆ ಕೇಳುವಷ್ಟು ಮಾತ್ರ ಇರುವ ಪಾಲಿಸಿಯಲ್ಲಿ ಕಾರಿನ ಪ್ರಯಾಣಿಕರು ಸೇರುವುದಿಲ್ಲ, ಸಮಗ್ರ ಪಾಲಿಸಿಯಲ್ಲಿ, ಅಂದರೆ ನಾವು 'ಫುಲ್ ಇನ್ಶೂರೆನ್ಸ್' ಎನ್ನುವುದರಲ್ಲಿ, ಸೇರುತ್ತಾರೆ.

ಇದರ ಅರ್ಥ ಸರಳ. ಥರ್ಡ್ ಪಾರ್ಟಿ ಮಾತ್ರ ಇರುವ ಕಾರು ಮರಕ್ಕೆ ಗುದ್ದಿ ಒಳಗಿದ್ದ ಅಕ್ಕನ ಮಗನ ಕಾಲು ಮುರಿದರೆ ಆ ವಿಮೆಯಿಂದ ಒಂದು ಕಾಸೂ ಬಾರದು. ಚಾಲಕನ ತಪ್ಪೆಂದು ನ್ಯಾಯಮಂಡಳಿ ಪರಿಹಾರ ವಿಧಿಸಿದರೂ ಆ ಹಣ ಮಾಲಕರ ಕಿಸೆಯಿಂದಲೇ ಹೋಗಬೇಕು. ಉಳಿಸಿದ ಕೆಲವು ಸಾವಿರ ರೂಪಾಯಿಗಳಿಗೆ ತೋಟ ಅಡವಿಡಬೇಕಾದೀತು.

ಕಾರು ತೀರ ಹಳೆಯದಾಗಿ ಫುಲ್ ಇನ್ಶೂರೆನ್ಸ್ ದುಬಾರಿ ಎನಿಸಿದರೆ, ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆಯನ್ನಾದರೂ ಸೇರಿಸಲು ಸಾಧ್ಯವೇ ಎಂದು ಕೇಳಿ. ಹೆಸರು ಬರೆಯದೆ ಸೀಟಿನ ಲೆಕ್ಕದಲ್ಲಿ, ಒಬ್ಬರಿಗೆ 2 ಲಕ್ಷದವರೆಗೆ ಇದನ್ನು ಪಡೆಯುವ ಕ್ರಮವಿದೆ. ಮಾಲಕರೇ ಚಾಲಕರಾಗಿದ್ದರೆ ಅವರಿಗೆ 15 ಲಕ್ಷದ ಅಪಘಾತ ವಿಮೆ 2018ರಿಂದ ಕಡ್ಡಾಯವಾಗಿದೆ. ಅದು ಸಿಗಬೇಕಾದರೆ ಮಾಲಕರ ಕೈಯಲ್ಲಿ ಊರ್ಜಿತ ಲೈಸನ್ಸ್ ಇರಬೇಕು.

ಬೆಲೆ ಎಲ್ಲಿ ಇಳಿಯುತ್ತದೆ?

ಥರ್ಡ್ ಪಾರ್ಟಿಯ ದರವನ್ನು ಸರಕಾರವೇ ನಿಗದಿ ಮಾಡುತ್ತದೆ. 2022 ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416, ಅದಕ್ಕೂ ಮೇಲ್ಪಟ್ಟು 7,897, ತೆರಿಗೆ ಬೇರೆ. ವಿದ್ಯುತ್ ಕಾರಿಗೆ 15 ಶೇಕಡಾ ರಿಯಾಯಿತಿ. ಯಾವ ಕಂಪೆನಿಗೆ ಹೋದರೂ ಈ ಭಾಗ ಒಂದೇ. ಆದ್ದರಿಂದ "ಥರ್ಡ್ ಪಾರ್ಟಿಯನ್ನೇ ಅರ್ಧಕ್ಕೆ ಮಾಡಿಕೊಡುತ್ತೇನೆ" ಎನ್ನುವವರು ಸಿಕ್ಕರೆ ಸಂತೋಷಪಡಬೇಡಿ, ಸಂಶಯಪಡಿ. ನಕಲಿ ಪಾಲಿಸಿಗಳು ತಿರುಗುವುದು ಇಂಥ ಆಸೆಯ ಮೇಲೆಯೇ.

ಸ್ವಂತ ಕಾರಿನ ಹಾನಿಗೆ ಸಂಬಂಧಿಸಿದ ಭಾಗದ ದರ ಹಾಗಲ್ಲ. 2007ರ ಜನವರಿಯಿಂದ ಅದರ ಸರಕಾರಿ ಕಟ್ಟುಪಾಡು ಸಡಿಲವಾಗಿದ್ದು ಒಂದೊಂದು ಕಂಪೆನಿ ಒಂದೊಂದು ಬೆಲೆ ಹೇಳುತ್ತದೆ. ಮೂರು ನಾಲ್ಕು ಕಡೆ ವಿಚಾರಿಸಬೇಕಾದದ್ದು ಇಲ್ಲಿಯೇ. ಆದರೆ ಹೋಲಿಸುವಾಗ ಎಲ್ಲ ಕಡೆ 'ಐ.ಡಿ.ವಿ.' ಒಂದೇ ಇದೆಯೇ ಎಂದು ನೋಡಬೇಕು. ಐ.ಡಿ.ವಿ. ಎಂದರೆ ಕಾರು ಕಳವಾದರೆ ಅಥವಾ ಪೂರ್ಣ ನಾಶವಾದರೆ ಕಂಪೆನಿ ಒಪ್ಪಿರುವ ಬೆಲೆ. ಹೊಸ ಬೆಲೆಯಿಂದ ಎರಡನೆಯ ವರ್ಷದಲ್ಲಿ 20 ಶೇಕಡಾ, ಐದನೆಯ ವರ್ಷದಲ್ಲಿ 50 ಶೇಕಡಾ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಐದು ವರ್ಷ ದಾಟಿದ ಮೇಲೆ ಪರಸ್ಪರ ಒಪ್ಪಿಗೆಯಿಂದ. ಮೂರು ಲಕ್ಷ ಬಾಳುವ ಕಾರಿಗೆ ಎರಡು ಲಕ್ಷ ಎಂದು ಬರೆದರೆ ಕಂತು ಇಳಿಯುತ್ತದೆ, ಸಿಗಬೇಕಾದ ಪರಿಹಾರವೂ ಅದರೊಡನೆ ಇಳಿಯುತ್ತದೆ.

ನ್ಯಾಯವಾಗಿ ಕಂತು ಇಳಿಸುವ ದಾರಿ 'ನೋ ಕ್ಲೈಂ ಬೋನಸ್'. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ 20 ಶೇಕಡಾ ಕಡಿತ, ಮುಂದೆ ಕ್ರಮವಾಗಿ 25, 35, 45, ಐದು ವರ್ಷವಾದರೆ 50. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಇದೆಲ್ಲ ಹೋಯಿತು.

ಒಂದು ಲೆಕ್ಕ ನೋಡೋಣ. 1200 ಸಿ.ಸಿ. ಕಾರೊಂದರ ಸ್ವಂತ ಹಾನಿಯ ಕಂತು 6,000 ರೂಪಾಯಿ, ಬೋನಸ್ 50 ಶೇಕಡಾ ಎಂದಿಟ್ಟುಕೊಳ್ಳೋಣ. ಮಾಲಕರು ಕಟ್ಟುವುದು 3,000. ಪ್ಲಾಸ್ಟಿಕ್ ಬಂಪರ್ ಒಡೆಯಿತು, ಬೆಲೆ 4,000. ಪ್ಲಾಸ್ಟಿಕಿಗೆ 50 ಶೇಕಡಾ ಸವಕಳಿ ಕಳೆದರೆ ಉಳಿದದ್ದು 2,000. 1500 ಸಿ.ಸಿ.ವರೆಗಿನ ಕಾರಿಗೆ ಮಾಲಕರೇ ಭರಿಸಬೇಕಾದ 1,000 ಕಳೆದರೆ ಕೈಗೆ ಬರುವುದು 1,000. ಮರುವರ್ಷ ಬೋನಸ್ ಹೋಗಿ 3,000 ಹೆಚ್ಚು ಕಟ್ಟಬೇಕು. ಸಣ್ಣ ಪೆಟ್ಟಿಗೆ ವಿಮೆ ಕೇಳದಿರುವುದೇ ಲಾಭ ಎಂಬುದು ಇದರಿಂದ ತಿಳಿಯುತ್ತದೆ. ಸವಕಳಿ ಕಳೆಯದೆ ಕೊಡುವ 'ಬಂಪರ್ ಟು ಬಂಪರ್' ಹೆಚ್ಚುವರಿ ಸೌಲಭ್ಯ ಹೊಸ ಕಾರಿಗೆ ಹೊಂದುತ್ತದೆ.

ನಮ್ಮೂರಿನ ಸಂದರ್ಭಗಳು

ಅಂಗಳದ ತೆಂಗಿನಮರದಿಂದ ಕಾಯಿ ಬಿದ್ದು ಗಾಜು ಒಡೆದರೆ, ಮಳೆಗಾಲದಲ್ಲಿ ಹೊಳೆನೀರು ಏರಿ ಕಾರು ಮುಳುಗಿದರೆ ಫುಲ್ ಇನ್ಶೂರೆನ್ಸಿನಲ್ಲಿ ಪರಿಹಾರವುಂಟು, ಥರ್ಡ್ ಪಾರ್ಟಿಯಲ್ಲಿ ಇಲ್ಲ. ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಲು ಮಾತ್ರ ಹೋಗಬಾರದು. ಹಾಗೆ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಇಲ್ಲದಿದ್ದಲ್ಲಿ, ಕಂಪೆನಿ ಕೈಯೆತ್ತುವುದೇ ಸಾಮಾನ್ಯ.

ತಲಪಾಡಿ ಗಡಿ ದಾಟಿದರೆ ವಿಮೆ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಪಾಲಿಸಿ ಭಾರತದಾದ್ಯಂತ ಊರ್ಜಿತ, ನಂಬರು ಕೆ.ಎಲ್. 14 ಆಗಲಿ ಕೆ.ಎ. 19 ಆಗಲಿ. ಹಣ ಕಟ್ಟದೆ ರಿಪೇರಿ ಮಾಡಿಸಬಹುದಾದ ಗ್ಯಾರೇಜುಗಳು ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಇವೆಯೇ ಎಂದು ಮೊದಲೇ ಕೇಳಿಡುವುದು ಒಳ್ಳೆಯದು.

ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ಇನ್ನೊಂದನ್ನು ನೆನಪಿಡಬೇಕು. ಆರ್.ಸಿ. ಬದಲಾದ ಮಾತ್ರಕ್ಕೆ ಎಲ್ಲವೂ ಮುಗಿಯದು. ಕಾರು ಕೈಬದಲಾದ 14 ದಿನಗಳೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ಮಾಡಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ಮೂರನೆಯವರಿಗೆ ರಕ್ಷಣೆ ಮುಂದುವರಿದರೂ ನಿಮ್ಮ ಕಾರಿನ ಹಾನಿಗೆ ಪರಿಹಾರ ಸಿಗದು. ಹಳೆಯ ಮಾಲಕರ ಬೋನಸ್ ಅವರದೇ, ಕಾರಿನೊಡನೆ ಬಾರದು.

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು, ಲೈಸನ್ಸ್ ಇಲ್ಲದ ಮಗನ ಕೈಗೆ ಕೀಲಿ ಕೊಡುವುದು, ಇವೆರಡೂ ಕೊಟ್ಟ ವಿಮೆಯನ್ನು ನಾವೇ ಹರಿದು ಹಾಕಿದಂತೆ. ಲೈಸನ್ಸ್ ಇಲ್ಲದವನಿಗೆ ಗೊತ್ತಿದ್ದೂ ಕಾರು ಕೊಟ್ಟ ಪ್ರಸಂಗಗಳಲ್ಲಿ ಕಂಪೆನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲಕರಿಂದ ವಸೂಲು ಮಾಡಬಹುದೆಂಬ ದಾರಿಯನ್ನು ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪು ತೆರೆದಿಟ್ಟಿದೆ.

ಕನ್ನಡದಲ್ಲಿ ಕೇಳಿ

ವಿಮೆಯ ಕಾಗದಪತ್ರಗಳನ್ನು ಸಂದರ್ಭಾನುಸಾರ ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸಬಹುದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2002ರ ನಿಯಮಾವಳಿಯಲ್ಲೇ ಬರೆದಿತ್ತು. ಕನ್ನಡ ಆ ಪಟ್ಟಿಯಲ್ಲಿರುವ ಭಾಷೆ. 'ಒದಗಿಸಬಹುದು' ಎಂಬುದು 'ಒದಗಿಸಲೇಬೇಕು' ಅಲ್ಲ, ನಿಜ. ಆದರೆ ಕೇಳದವರಿಗೆ ಯಾವುದೂ ಸಿಗುವುದಿಲ್ಲ. ಕಾಗದ ಕನ್ನಡದಲ್ಲಿ ಬಾರದಿದ್ದರೂ ಹಣ ಕೊಡುವ ಮೊದಲು ಏಜೆಂಟರಲ್ಲಿ ಐದು ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ, ಉತ್ತರ ಪಾಲಿಸಿಯ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ: ಒಳಗೆ ಕುಳಿತವರಿಗೆ ರಕ್ಷಣೆ ಉಂಟೇ? ಮಾಲಕರ 15 ಲಕ್ಷ ಸೇರಿದೆಯೇ? ಐ.ಡಿ.ವಿ. ಎಷ್ಟು? ಬೋನಸ್ ಎಷ್ಟು ಶೇಕಡಾ? ಕೈಯಿಂದ ಭರಿಸಬೇಕಾದದ್ದು ಎಷ್ಟು?

ನ್ಯಾಯವಾದ ಪರಿಹಾರವನ್ನು ಕಂಪೆನಿ ನಿರಾಕರಿಸಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಬೇಕು. ಅಲ್ಲಿ ಸಮಾಧಾನ ಸಿಗದಿದ್ದರೆ ಕೇರಳದವರಿಗಾಗಿ ಕೊಚ್ಚಿಯಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಈ ಸಲ ಪಾಲಿಸಿ ನವೀಕರಿಸುವಾಗ ಕೊನೆಯ ಸಾಲಿನ ಮೊತ್ತವನ್ನು ಮಾತ್ರ ನೋಡಬೇಡಿ. ಹಿಂದಿನ ಸೀಟಿನಲ್ಲಿ ಕೂರುವವರ ಲೆಕ್ಕ ಅದರಲ್ಲಿ ಉಂಟೋ ಇಲ್ಲವೋ ಎಂಬುದನ್ನು ಮೊದಲು ಓದಿ. ಇಲ್ಲವೆಂದಾದರೆ ಆ ಪಾಲಿಸಿ ಎಷ್ಟು ಕಡಿಮೆಗೆ ಸಿಕ್ಕರೂ ಅಗ್ಗವಲ್ಲ.