ಹಳೆಯ ಧ್ವನಿವರ್ಧಕಕ್ಕೆ ವಾಕಿ-ಟಾಕಿಯ ಜೋಡಣೆ

ನಮ್ಮ ಅನೇಕ ಸಂಘಗಳ ಉಗ್ರಾಣಗಳಲ್ಲೂ ದೊಡ್ಡ ತೋಟಗಳ ಕಚೇರಿಗಳಲ್ಲೂ ಹಳೆಯ ಆಂಪ್ಲಿಫೈಯರೊಂದು, ಜೊತೆಗೆ ನಾಲ್ಕಾರು ಹಾರ್ನುಗಳು ಧೂಳು ಹಿಡಿದು ಕುಳಿತಿವೆ. ಬಟವಾಡೆಯ ವೇಳೆಯನ್ನೋ ಮಹಾಸಭೆಯ ಸೂಚನೆಯನ್ನೋ ಕೂಲಿ ಲೈನುಗಳಿಗೆ ಸಾರಲು ತಂದವು ಅವು. ಈಚೆಗೆ ಕಾವಲುಗಾರರ ಕೈಗೆ ವಾಕಿ-ಟಾಕಿ ಬಂದಿದೆ. ಮೇಲಿನ ಬ್ಲಾಕಿನಲ್ಲಿ ಆನೆ ಕಂಡ ಕಾವಲುಗಾರನ ಮಾತು ನೇರವಾಗಿ ಲೈನಿನ ಹಾರ್ನಿನಲ್ಲಿ ಕೇಳಿಸುವಂತೆ ಮಾಡಲು ಸಾಧ್ಯವೇ ಎಂದು ಹಲವು ಸದಸ್ಯರು ವಿಚಾರಿಸಿದ್ದಾರೆ. ಸಾಧ್ಯವಿದೆ, ಹೆಚ್ಚಿನ ಖರ್ಚೂ ಇಲ್ಲ. ಆದರೆ ತಂತಿ ಜೋಡಿಸುವ ಮುನ್ನ ಯಾರ ಮಾತು ಹಾರ್ನಿಗೆ ಹೋಗಬೇಕು, ಯಾರದು ಹೋಗಬಾರದು ಎಂಬುದು ತೀರ್ಮಾನವಾಗಬೇಕು.

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ಮಲೆನಾಡಿನಲ್ಲಲ್ಲ, ಕಾಫಿಯೂ ಅಡಿಕೆಯೂ ಬೆಳೆಯದ ಕಲಬುರಗಿಯ ಬಯಲು ಸೀಮೆಯಲ್ಲಿದೆ. ಕಲಬುರಗಿ ನಗರದ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಧ್ವನಿವರ್ಧಕದ ಪ್ರಕಟಣೆ ಇದೆ. ಅದೇ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರು, ಇಂಜಿನ್ ಚಾಲಕರು, ಗಾರ್ಡುಗಳು ವಾಕಿ-ಟಾಕಿಯಲ್ಲಿ ಮಾತನಾಡುತ್ತಾರೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಬೀದರ್-ಕಲಬುರಗಿ ಮಾರ್ಗವು ಕಮಲಾಪುರದ ಮೇಲೆ ಹೋಗುತ್ತದೆ. ಅಲ್ಲಿಯೂ ಗಾಡಿ ಓಡಿಸುವವರ ಮಾತುಕತೆ ವಾಕಿ-ಟಾಕಿಯದೇ. ಚಾಲಕ ಹೇಳಿದ್ದೆಲ್ಲ ಪ್ಲಾಟ್‌ಫಾರಂ ಹಾರ್ನಿನಲ್ಲಿ ಮೊಳಗಿದರೆ ಏನಾದೀತು, ಊಹಿಸಿರಿ! ಕೆಲಸದ ಮಾತು ಒಂದು ದಾರಿ, ಜನರಿಗೆ ಸಾರುವ ಮಾತು ಇನ್ನೊಂದು ದಾರಿ. ನಡುವೆ ಕೇಳಿ, ತಿಳಿದು, ಆಮೇಲೆ ಸಾರುವ ಮನುಷ್ಯನೊಬ್ಬನಿರುತ್ತಾನೆ. ನಮ್ಮ ಜೋಡಣೆಯಲ್ಲೂ ಆ ಮನುಷ್ಯನಿಗೆ ಸ್ಥಾನವಿರಲೇಬೇಕು.

ಕಮಲಾಪುರದ ಇನ್ನೊಂದು ಸಂಗತಿಯೂ ನಮಗೆ ಪ್ರಸ್ತುತ. ಭೌಗೋಳಿಕ ಗುರುತು ಪಡೆದ ಕೆಂಬಾಳೆಯ ಊರು ಅದು. ಸುತ್ತಲೂ ತೊಗರಿಯ ಬಯಲು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಅಂಥ ಬಯಲಿನಲ್ಲಿ ದುಡಿಯುವವರಿಗೆ ಸಿಡಿಲಿನ ಭಯ ಹೆಚ್ಚು. ಮುನ್ಸೂಚನೆಗೆ ರಾಜ್ಯದ ‘ಸಿಡಿಲು’, ಕೇಂದ್ರದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳಿವೆ. ಆದರೆ ಸೂಚನೆ ಬರುವುದು ಫೋನು ಇದ್ದವನ ಕಿಸೆಗೆ. ಕಳೆ ತೆಗೆಯುತ್ತಿರುವ ಹೆಂಗಸಿಗೆ ಅದು ಮುಟ್ಟಬೇಕಾದರೆ ಯಾರಾದರೂ ಕೂಗಿ ಹೇಳಬೇಕು. ಹಾಸನ, ಕೊಡಗಿನ ತೋಟಗಳಲ್ಲಿ ಆನೆಯ ಬಗ್ಗೆ ಬರುವ ಮೊಬೈಲ್ ಸಂದೇಶಗಳ ಗತಿಯೂ ಇದೇ. ಕೂಗಿ ಹೇಳುವ ಆ ಕೆಲಸಕ್ಕೆ ಹಳೆಯ ಹಾರ್ನು ಈಗಲೂ ತಕ್ಕದ್ದು.

ಇನ್ನು ಜೋಡಣೆಯ ಕ್ರಮ. ಕಚೇರಿಯಲ್ಲಿ ಒಂದು ವಾಕಿ-ಟಾಕಿಯನ್ನು ಕೇಳುವುದಕ್ಕಾಗಿಯೇ ಇಡಿರಿ. ಅದರ ಇಯರ್‌ಫೋನ್ ತೂತಿನಿಂದ ಬರುವ ಧ್ವನಿ ಸುಮಾರು ಒಂದು ವೋಲ್ಟಿನವರೆಗೂ ಏರಬಹುದು. ಆಂಪ್ಲಿಫೈಯರಿನ ಮೈಕ್ ತೂತು ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟು. ನೇರವಾಗಿ ಸಿಕ್ಕಿಸಿದರೆ ಮಾತು ಒಡೆದು ಕರ್ಕಶವಾಗುತ್ತದೆ. ಆದ್ದರಿಂದ ‘ಆಕ್ಸಿಲರಿ’ ಎಂದು ಬರೆದ ತೂತಿಗೇ ಕೊಡಿರಿ. ಮೈಕ್ ತೂತು ಮಾತ್ರ ಇದ್ದರೆ 10 ಕಿಲೋಓಮ್ ಮತ್ತು 100 ಓಮ್‌ಗಳ ಎರಡು ರೆಸಿಸ್ಟರುಗಳಿಂದ ಧ್ವನಿಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿರಿ.

ಎರಡರ ನಡುವೆ 600 ಓಮ್‌ನ ಒಂದಕ್ಕೊಂದು ಪ್ರಮಾಣದ ಸಣ್ಣ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಎಷ್ಟೋ ವಾಕಿ-ಟಾಕಿಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ನೆಲಕ್ಕೆ ಸೇರಿರುವುದಿಲ್ಲ. ಒಂದನ್ನು ಆಂಪ್ಲಿಫೈಯರಿನ ಒಡಲಿಗೆ ಮುಟ್ಟಿಸಿದರೆ ಸೆಟ್ಟೇ ಹಾಳಾದೀತು. ಟ್ರಾನ್ಸ್‌ಫಾರ್ಮರ್ ಆ ಅಪಾಯವನ್ನೂ ‘ಗುಂಯ್’ ಎನ್ನುವ ಕರೆಂಟಿನ ಸದ್ದನ್ನೂ ತಡೆಯುತ್ತದೆ. ವಾಕಿ-ಟಾಕಿಯ ಧ್ವನಿಯ ತಿರುಗಣೆ ಸರಿಯಾದ ಮಟ್ಟಕ್ಕೆ ಬಂದ ಮೇಲೆ ಅಲ್ಲಿ ಬಣ್ಣದ ಚುಕ್ಕೆ ಇಡಿರಿ.

ಹಾರ್ನಿನ ಕಡೆಗೂ ಲಕ್ಷ್ಯವಿರಲಿ. ದೂರದ ಹಾರ್ನುಗಳು ಸಾಮಾನ್ಯವಾಗಿ 100 ವೋಲ್ಟಿನ ಲೈನಿನಲ್ಲಿರುತ್ತವೆ. ಮಾತು ಹರಿಯುತ್ತಿರುವಾಗ ಆ ತಂತಿಯನ್ನು ಮುಟ್ಟಬಾರದು. ಎಲ್ಲ ಹಾರ್ನುಗಳ ವ್ಯಾಟನ್ನು ಕೂಡಿಸಿದರೆ ಆಂಪ್ಲಿಫೈಯರಿನ ಶಕ್ತಿಯನ್ನು ಮೀರಬಾರದು. 60 ವ್ಯಾಟಿನದಕ್ಕೆ 10 ವ್ಯಾಟಿನ ನಾಲ್ಕು ಹಾರ್ನುಗಳಾದರೆ ನಿಶ್ಚಿಂತೆ. ಕರೆಂಟು ಹೋದ ರಾತ್ರಿಯಲ್ಲೇ ಇದರ ಅಗತ್ಯ ಬೀಳುವುದರಿಂದ 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವ ಆಂಪ್ಲಿಫೈಯರನ್ನೇ ಆರಿಸಿರಿ. ಸಿಡಿಲು ತಂತಿಯ ಮೂಲಕ ಕಚೇರಿಯೊಳಗೆ ಬಾರದಂತೆ ಸರ್ಜ್ ನಿರೋಧಕವೂ ಒಳ್ಳೆಯ ಅರ್ಥಿಂಗೂ ಇರಲಿ. ಹಾರ್ನಿನ ಕೆಳಗೇ ನಿಂತು ವಾಕಿ-ಟಾಕಿಯಲ್ಲಿ ಮಾತನಾಡಿದರೆ ಅದೇ ಧ್ವನಿ ಸುತ್ತಿ ಬಂದು ಶಿಳ್ಳೆ ಹೊಡೆಯುತ್ತದೆ; ಕಾವಲುಗಾರರಿಗೆ ಇದನ್ನು ತಿಳಿಸಿರಬೇಕು.

ಪರವಾನಗಿಯ ವಿಷಯ ಮರೆಯುವಂತಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಡ, ಆದರೆ ಸೆಟ್ಟಿನ ಮಾದರಿಗೆ ಸರ್ಕಾರದ ಅನುಮೋದನೆ ಇರಬೇಕು. ಇಂಥ ವಿವರ ತಿಳಿಸದೆ ಆನ್‌ಲೈನಿನಲ್ಲಿ ವಾಕಿ-ಟಾಕಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಬೇರೆ ತರಂಗಗಳಿಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಸಾರ್ವಜನಿಕ ತುರ್ತು ಪರಿಸ್ಥಿತಿಗೆ ವಿನಾಯಿತಿ ಇದೆ. ಮೊದಲೇ ಪೊಲೀಸ್ ಠಾಣೆಗೂ ಅರಣ್ಯ ಇಲಾಖೆಗೂ ತಿಳಿಸುವುದು ಲೇಸು. ಹಾರ್ನು ಇರುವುದು ಜನರನ್ನು ಎಚ್ಚರಿಸಲು, ಆನೆಯನ್ನು ಓಡಿಸಲು ಅಲ್ಲ. ಬೆದರಿದ ಆನೆ ಎತ್ತ ನುಗ್ಗೀತೆಂದು ಹೇಳಬಲ್ಲವರಾರು?

ಪರವಾನಗಿ ಬೇಡದ ತರಂಗವೆಂದರೆ ಎಲ್ಲರದೂ ಎಂದರ್ಥ. ನೆರೆಯ ತೋಟದವನ ಹರಟೆಯೂ ನಮ್ಮ ಸೆಟ್ಟಿಗೆ ಬರಬಹುದು. ಗುರುತಿನ ಸ್ವರವಿದ್ದರೆ ಮಾತ್ರ ತೆರೆಯುವ ‘ಟೋನ್’ ಏರ್ಪಾಟು ಬಹುಮಟ್ಟಿಗೆ ಇದನ್ನು ತಡೆಯುತ್ತದೆ. ಆದರೆ ಅದೇ ಸ್ವರವನ್ನು ಇನ್ನೊಬ್ಬನೂ ಇಟ್ಟುಕೊಂಡರೆ ಬಾಗಿಲು ಅವನಿಗೂ ತೆರೆಯುತ್ತದೆ. ಆದಕಾರಣ ವಾಕಿ-ಟಾಕಿಗೂ ಆಂಪ್ಲಿಫೈಯರಿಗೂ ನಡುವೆ ಒತ್ತಿ ಹಿಡಿದರೆ ಮಾತ್ರ ಸೇರುವ ಒಂದು ಸ್ವಿಚ್ಚನ್ನು ಹಾಕಿರಿ. ಕಚೇರಿಯಲ್ಲಿರುವವರು ಮೊದಲು ಮಾತನ್ನು ಕೇಳಲಿ, ಯಾವ ಬ್ಲಾಕು, ಎಷ್ಟು ಆನೆ ಎಂದು ಇನ್ನೊಂದು ಸೆಟ್ಟಿನಲ್ಲಿ ವಿಚಾರಿಸಲಿ, ಅನಂತರ ಸ್ವಿಚ್ಚು ಒತ್ತಲಿ. ಇದರಿಂದ ಕಳೆಯುವುದು ಅರ್ಧ ನಿಮಿಷ. ತಾನಾಗಿ ತೆರೆದುಕೊಳ್ಳುವ ಹಾರ್ನು ಎರಡು ಬಾರಿ ಸುಳ್ಳು ಕೂಗಿದರೆ ಮೂರನೆಯ ಬಾರಿ ನಿಜವಾಗಿ ಆನೆ ಬಂದಾಗ ಯಾರೂ ಮನೆಯೊಳಗೆ ಉಳಿಯುವುದಿಲ್ಲ.

ಅಳವಡಿಸಲು ಇಚ್ಛಿಸುವ ಸದಸ್ಯರು ಮೊದಲು ಸ್ವಿಚ್ಚು ಒತ್ತುವವರು ಯಾರು, ಅವರ ಗೈರುಹಾಜರಿಯಲ್ಲಿ ಯಾರು ಎಂದು ಬರೆದು ಕಚೇರಿಯ ಗೋಡೆಗೆ ಅಂಟಿಸಲಿ. ಸಾರುವ ಮಾತು ಚಿಕ್ಕದಿರಲಿ: ಸ್ಥಳ, ಅಪಾಯ, ಮಾಡಬೇಕಾದದ್ದು, ಇಷ್ಟನ್ನು ಎರಡು ಸಲ ಹೇಳಿದರೆ ಸಾಕು. ಹೊರಗಿನಿಂದ ಬಂದ ಕೂಲಿಗಳಿದ್ದರೆ ಅವರ ಭಾಷೆಯಲ್ಲೂ ಒಂದು ಸಲ ಹೇಳಿರಿ. ಅಪಾಯ ಕಳೆದ ಮೇಲೆ ಅದನ್ನೂ ಸಾರಬೇಕು. ವಾರಕ್ಕೊಮ್ಮೆ ಬಟವಾಡೆಯ ದಿನ ಹಗಲಿನಲ್ಲಿ ಪರೀಕ್ಷಿಸಿ, ಕಡೆಯ ಲೈನಿನ ಮನೆಯವರಿಗೆ ಕೇಳಿಸಿತೇ ಎಂದು ಖುದ್ದಾಗಿ ಹೋಗಿ ವಿಚಾರಿಸಿರಿ.